ಕೇಳಿದವರಿಗೆ ಕಡಲು ಹೇಳುವ ಸುನಿಲ್ದಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಿದೆಲ್ಕೊ ಊರಿನ ಕೆಳಗೆ, ನೆಲ ಮುಗಿದು ನೀರು ಶುರುವಾಗುವ ಬಂಡೆಯ ತುದಿಯಲ್ಲಿ ಸುನಿಲ್ದಾ ಮಿಯಾವಾಲ್ ಎಂಬ ಹಿರಿಯ ಹೆಂಗಸು ಕುಕ್ಕರಗಾಲಿನಲ್ಲಿ ಕುಳಿತಿದ್ದಾರೆ. ಮೈಮೇಲೆ ಅಲ್ಲಲ್ಲಿ ತೇಪೆ ಹಾಕಿದ ರಬ್ಬರ್ ಉಡುಪು, ಅದರ ಮೇಲೊಂದು ಉಣ್ಣೆಯ ಸ್ವೆಟರ್, ತಲೆಗೆ ಬಿಗಿದು ಕಟ್ಟಿದ ಬಟ್ಟೆ. ಎಡಗೈಯಲ್ಲಿ ಐದು ಬೆಣಚುಕಲ್ಲುಗಳಿವೆ. ಕಲ್ಲೆಸೆತದ ದೂರದಲ್ಲಿ, ನೊರೆಯ ನಡುವೆ ನಿಂತಿರುವ ಕಪ್ಪು ಬಂಡೆಯೊಂದರ ಮೇಲೆ ಅವರ ಕಣ್ಣು ನೆಟ್ಟಿದೆ. ಬೆನ್ನು, ಹೊಟ್ಟೆ, ಒಂದು ಬದಿಗೆ ಬಾಗಿದ ಕೊಂಬು ಇರುವ ಆ ಬಂಡೆಯನ್ನು ಊರಿನವರು ಹಸುಬಂಡೆ ಎನ್ನುತ್ತಾರೆ.

ದೊಡ್ಡ ಅಲೆಗಳು ಇಲ್ಲಿ ಒಂಟಿಯಾಗಿ ಬರುವುದಿಲ್ಲ. ನಾಲ್ಕೋ ಐದೋ ಒಂದರ ಹಿಂದೊಂದು ಬರುತ್ತವೆ. ಆಮೇಲೆ ಕಡಲು ಏನೂ ಆಗಿಲ್ಲವೆಂಬಂತೆ ಸುಮ್ಮನಾಗುತ್ತದೆ. ಗೊತ್ತಿಲ್ಲದವರು ಆ ಸುಮ್ಮನಿರುವ ಹೊತ್ತನ್ನು ನೋಡಿ ನೀರಿಗಿಳಿಯುತ್ತಾರೆ. ಅಲೆಗಳ ಒಂದು ಗುಂಪು ದಾಟಿದಾಗ ಸುನಿಲ್ದಾ ಅವರ ಎಡಗೈಯ ಒಂದು ಕಲ್ಲು ಬಲಗೈಗೆ ಹೋಗುತ್ತದೆ. ಐದೂ ಕಲ್ಲು ಕೈ ಬದಲಿಸುವವರೆಗೆ ಅವರು ಯಾರೊಂದಿಗೂ ಮಾತಾಡುವುದಿಲ್ಲ. ಕೆಲವು ದಿನ ಅದಕ್ಕೆ ಅರ್ಧ ಗಂಟೆ ಬೇಕು, ಕೆಲವು ದಿನ ಒಂದು ಗಂಟೆ. ಎರಡು ಅಲೆಗಳ ನಡುವಿನ ಹೊತ್ತನ್ನು ತುಟಿಯಲ್ಲೇ ಎಣಿಸುತ್ತಾರೆ. ಗಡಿಯಾರ ನೋಡುವುದಿಲ್ಲ. ನಾನು ಪಕ್ಕದಲ್ಲಿ ಕುಳಿತು ನನ್ನ ಗಡಿಯಾರದಲ್ಲಿ ಅಳೆದು ನೋಡಿದ್ದೇನೆ. ಅವರ ಹದಿನಾಲ್ಕು ಎಂದರೆ ಹದಿನಾಲ್ಕೇ ಸೆಕೆಂಡು.

ಐದನೆಯ ಕಲ್ಲು ಬಲಗೈಗೆ ಬಂದ ಮೇಲೆ ಅವರು ಎದ್ದು, ಸ್ವೆಟರಿನ ಒಳಗಿಂದ ಫೋನು ತೆಗೆದು ಬಾಯಿಯ ಹತ್ತಿರ ಹಿಡಿಯುತ್ತಾರೆ.

"ಎದ್ದಿದೆ. ಹಸುವಿನ ಹೊಟ್ಟೆ. ಎಣಿಕೆ ಹದಿನಾಲ್ಕು. ದಕ್ಷಿಣದ ಗಾಳಿ, ಹತ್ತು ಗಂಟೆವರೆಗೂ ಮಲಗಿರುತ್ತೆ. ಬಲ್ಲೋರು ತುದಿಗೆ ಹೋಗಬಹುದು. ಕಲಿಯೋರು ಮರಳಿನ ಕಡೆನೇ ಇರಿ. ಜಂಬ ಬೇಡ."

ಅಷ್ಟೇ. ಈ ಮಾತು ನಾನೂರ ಹನ್ನೆರಡು ಫೋನುಗಳಿಗೆ ಹೋಗುತ್ತದೆ. ಕಾನ್ಸೆಪ್ಸಿಯೋನ್ ನಗರದಿಂದ, ಅಲೆಯ ಮೇಲೆ ಜಾರುವ ಹಲಗೆಗಳನ್ನು ಕಾರಿನ ನೆತ್ತಿಗೆ ಕಟ್ಟಿಕೊಂಡು ಹೊರಡುವವರು, ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಂತು ಕಾಫಿ ಕುಡಿಯುವವರು, ಊರಿನ ಸರ್ಫಿಂಗ್ ಶಾಲೆಯವರು, ಎಲ್ಲರೂ ಇದಕ್ಕೆ ಕಾಯುತ್ತಿರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಈ ದನಿ ಗೊತ್ತು, ಹೆಸರು ಗೊತ್ತಿಲ್ಲ. ನಮ್ಮ ಮನೆಯಲ್ಲೂ ಹಲಗೆ ಹಿಡಿದು ಹೋಗುವವರು ಇಬ್ಬರಿದ್ದಾರೆ. ಆ ದನಿ ಕೇಳುವ ಮೊದಲು ನಾನು ಅವರಿಗಾಗಿ ಬಾಗಿಲ ಚಿಲಕ ತೆಗೆದದ್ದಿಲ್ಲ.

ಸುನಿಲ್ದಾ ಅವರಿಗೆ ಈಗ ಅರವತ್ತೊಂದು. ಕೊಚಾಯುಯೊ ಕೊಯ್ಯುವುದು ಅವರ ಕಸುಬು. ಬಂಡೆಗೆ ಕಚ್ಚಿಕೊಂಡು ಬೆಳೆಯುವ, ಮಾರುಗಟ್ಟಲೆ ಉದ್ದದ ಹಗ್ಗಗಳಂತೆ ನೀರಿನಲ್ಲಿ ಹೊರಳಾಡುವ ಈ ಕಂದು ಕಡಲಪಾಚಿಯೇ ನಮ್ಮ ಕರಾವಳಿಯ ಸಾರು, ಪಲ್ಯ, ಬಡವರ ಮನೆಯ ಮಾಂಸ. ಇಳಿತದ ಹೊತ್ತಿನಲ್ಲಿ ಸೊಂಟಮಟ್ಟ ನೀರಿಗಿಳಿದು, ಅಲೆ ಹಿಂದೆ ಸರಿದ ಕ್ಷಣದಲ್ಲಿ ಬುಡಕ್ಕೆ ಚಾಕು ಹಾಕಬೇಕು. ಬುಡವನ್ನು ಪೂರ್ತಿ ಕಿತ್ತರೆ ಮತ್ತೆ ಚಿಗುರುವುದಿಲ್ಲ, ಆದ್ದರಿಂದ ಒಂದು ಬೆರಳಷ್ಟು ಬಿಡಬೇಕು. ಕೊಯ್ದದ್ದನ್ನು ಹೆಗಲಿಗೆ ಹಾಕಿಕೊಂಡು ನೂರ ನಲವತ್ತು ಮೆಟ್ಟಿಲು ಹತ್ತಬೇಕು. ಒದ್ದೆಯ ಹೊರೆ ಒಂದು ಸಲಕ್ಕೆ ಮೂವತ್ತು ಕಿಲೊಗೆ ಕಡಿಮೆಯಿಲ್ಲ. ದಿನಕ್ಕೆ ಮೂರು ಹೊರೆ. ಅವರ ಎಡಗೈಯ ಎರಡು ಬೆರಳು ಪೂರ್ತಿ ಮಡಿಚುವುದಿಲ್ಲ. ಗಾಳಿ ಮತ್ತು ಉಪ್ಪಿನಿಂದ ಬಲಗಣ್ಣಿನ ಮೂಲೆಯಲ್ಲಿ ಪೊರೆಯೊಂದು ಬೆಳೆದಿದೆ. ಅದು ಕಪ್ಪು ಗುಡ್ಡೆಗೆ ತಾಗಿದರೆ ಕೊಯ್ಯಬೇಕಾಗುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಇನ್ನೂ ತಾಗಿಲ್ಲ ಎಂದು ಅವರು ಹೇಳುತ್ತಾರೆ. ತಾಗುವುದಕ್ಕೆ ಎಷ್ಟು ಬಾಕಿಯಿದೆ ಎಂದು ನಾನು ಕೇಳಿದಾಗ, "ನೀವು ನನಗಿಂತ ಜಾಸ್ತಿ ಹೆದರ್ತೀರ" ಎಂದು ನಕ್ಕರು.

ಕಡಲನ್ನು ಓದುವುದನ್ನು ಕಲಿಸಿದವರು ಅವರ ತಾಯಿ. ಹಸುಬಂಡೆಯ ಮೈಮೇಲೆ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದೇ ಅಳತೆ. ಉಬ್ಬರವಿದ್ದರೆ ಇಷ್ಟು ಕಳೆಯಬೇಕು, ಇಳಿತವಿದ್ದರೆ ಇಷ್ಟು ಕೂಡಿಸಬೇಕು ಎಂಬ ಲೆಕ್ಕವೂ ಇದೆ. ಅದನ್ನು ಅವರು ಯಾರಿಗೂ ಬಿಡಿಸಿ ಹೇಳಲಾರರು. ಗೊರಸು ಎಂದರೆ ಮಕ್ಕಳೂ ಇಳಿಯಬಹುದು. ಹೊಟ್ಟೆ ಎಂದರೆ ಬಲ್ಲವರು ಮಾತ್ರ. ಹೆಗಲು ಎಂದರೆ ಯಾರೂ ಬೇಡ. ಕೊಂಬಿಗೆ ನೀರು ಮುಟ್ಟಿದ್ದನ್ನು ಅವರು ಜೀವಮಾನದಲ್ಲಿ ಎರಡು ಸಲ ನೋಡಿದ್ದಾರೆ. ತಾಯಿ ತೀರಿಕೊಂಡಾಗ ಸುನಿಲ್ದಾ ಅವರಿಗೆ ಇಪ್ಪತ್ತಾರು. ಮರುದಿನ ಬೆಳಿಗ್ಗೆ ಮೀನುಗಾರರೊಬ್ಬರು ಮನೆಯ ಬೇಲಿಯ ಹತ್ತಿರ ಬಂದು, "ಕಡಲು ಹೇಗೆ ಎದ್ದಿದೆ?" ಎಂದು ಕೇಳಿದರಂತೆ. ಅಂದಿನಿಂದ ಈ ಕೆಲಸ ಅವರದಾಯಿತು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, ಬೆಳಗಿನ ಹೊತ್ತು ಹೆಂಡತಿ ಮನೆಯಲ್ಲಿರಬೇಕು ಎನ್ನುವ ಗಂಡಸರೇ ಸಿಕ್ಕಿದ್ದು ಎನ್ನುತ್ತಾರೆ.

ಹಲಗೆಯವರು ಬರತೊಡಗಿದ್ದು ಇಪ್ಪತ್ತು ವರ್ಷಗಳ ಈಚೆಗೆ. ಕಿದೆಲ್ಕೊ ತುದಿಯಲ್ಲಿ ಅಲೆ ಎಡಕ್ಕೆ ಮುರಿದು ಬಂಡೆಗಳ ಪಕ್ಕದಲ್ಲೇ ಇನ್ನೂರು ಮೀಟರ್ ಓಡುತ್ತದೆ. ಅಂಥ ಅಲೆ ಹೆಚ್ಚು ಕಡೆ ಸಿಗುವುದಿಲ್ಲವಂತೆ. ಆ ಬಂಡೆಗಳೇ ಅದರ ಅಪಾಯ. ಫೋನಿನ ಮುನ್ಸೂಚನೆ ನಡುಗಡಲಿನಲ್ಲಿ ಅಲೆ ಎಷ್ಟು ಮೀಟರ್ ಇದೆಯೆಂದು ಹೇಳುತ್ತದೆ. ಅದು ಈ ಬಂಡೆಗಳ ಮೇಲೆ ಹೇಗೆ ಬೀಳುತ್ತದೆಂದು ಹೇಳುವುದಿಲ್ಲ. ಅದಕ್ಕೆ ಸುನಿಲ್ದಾ ಅವರೇ ಬೇಕು.

ಈ ಕೆಲಸಕ್ಕೆ ಅವರಿಗೆ ಸಂಬಳವಿಲ್ಲ. ಹಲಗೆಯವರು ಹಿಟ್ಟು, ಕುದಿಸಿ ಕುಡಿಯುವ ಮಾತೆ ಎಂಬ ಎಲೆ, ತಮಗೆ ಸಾಕಾದ ರಬ್ಬರ್ ಉಡುಪು ತಂದು ಕೊಡುತ್ತಾರೆ. ಈಗ ತೊಟ್ಟಿರುವುದನ್ನು ಕೊಟ್ಟವನು ಗಾಸ್ಪಾರ್ ಎಂಬ ದಂತವೈದ್ಯ. ಕಾನ್ಸೆಪ್ಸಿಯೋನಿನಿಂದ ಪ್ರತಿ ಶನಿವಾರ ಬರುತ್ತಾನೆ. ಅವರನ್ನು ಎಲ್ಲರಂತೆ ತಿಯಾ, ಅಂದರೆ ದೊಡ್ಡಮ್ಮ, ಎಂದೇ ಕರೆಯುತ್ತಾನೆ.

"ತಿಯಾ, ಒಂದ್ಸಲ ನೀವೂ ಹಲಗೆ ಮೇಲೆ ನಿಂತು ನೋಡಿ. ನಾನು ಹಿಡ್ಕೋತೀನಿ," ಎಂದು ಅವನು ಕೆಣಕುತ್ತಾನೆ.

"ನೀನು ನಿನ್ನನ್ನೇ ಹಿಡ್ಕೊಂಡಿದ್ದು ನಾನು ನೋಡ್ಲಿಲ್ವಾ ಹೋದ ವಾರ? ಕೋಳಿ ಈಜಿದ ಹಾಗಿತ್ತು."

"ಅಲೆ ಮೋಸ ಮಾಡ್ತು."

"ಅಲೆ ಮೋಸ ಮಾಡಲ್ಲ ಕಂದಾ. ಹೊಟ್ಟೆ ಅಂದಿದ್ದೆ. ನಿನಗೆ ಗೊರಸು ಸಾಕು."

ಕಿದೆಲ್ಕೊದಲ್ಲಿ ಕಡಲಿನ ಬಗ್ಗೆ ಒಂದು ಕಟ್ಟಳೆಯಿದೆ. ಕಡಲಿನ ಮಾತನ್ನು ಕೇಳಿದವರಿಗೆ ಮಾತ್ರ ಹೇಳಬೇಕು. ಕೇಳದವರಿಗೆ ಹೋಗಿ ಹೇಳಿದರೆ ಅದು ಕಡಲಿನ ಮೇಲೆ ಚಾಡಿ ಹೇಳಿದಂತೆ. ಕಡಲನ್ನು ಕಾಯುವ ಒಡೆಯ ದೈವಕ್ಕೆ ಅದು ಹಿಡಿಸುವುದಿಲ್ಲ. ಹಾಗೆಯೇ, ಕೇಳಿದ ಮೇಲೆ ಆ ಮಾತನ್ನು ಮೀರುವಂತಿಲ್ಲ. ಬೇಡ ಎಂದರೆ ಬೇಡ. ಹಿರಿಯರ ಕಾಲದಿಂದ ಇದು ಹೀಗೆಯೇ ನಡೆದಿದೆ. ಫೋನು ಬಂದ ಮೇಲೂ ಸುನಿಲ್ದಾ ಇದನ್ನು ಬಿಟ್ಟಿಲ್ಲ. ಪ್ರತಿದಿನ ಯಾರಾದರೊಬ್ಬರು ಮೊದಲು ಕೇಳಬೇಕು, ಆಮೇಲೆಯೇ ಅವರು ಮಾತಾಡುವುದು. ಒಂದು ಜನವರಿಯಲ್ಲಿ ಎಲ್ಲರೂ ಬೇರೆಯವರು ಕೇಳುತ್ತಾರೆಂದು ಸುಮ್ಮನಿದ್ದರು. ಹನ್ನೊಂದು ಕಾರುಗಳು ರಸ್ತೆಯಲ್ಲಿ ನಿಂತಿದ್ದವು. ಸುನಿಲ್ದಾ ಬಂಡೆಯ ಮೇಲೆ ಫೋನು ಹಿಡಿದು ಕುಳಿತೇ ಇದ್ದರು. ಕೊನೆಗೆ ಗಾಸ್ಪಾರ್ ಮೆಟ್ಟಿಲಿಳಿದು ಓಡಿಬಂದು ಏದುಸಿರಿನಲ್ಲಿ ಕೇಳಿದ. ಈಗ ಯಾವ ದಿನ ಯಾರು ಕೇಳಬೇಕೆಂದು ಅವರು ಸರದಿ ಮಾಡಿಕೊಂಡಿದ್ದಾರೆ.

ಊರಿನಲ್ಲಿ ಮೂವತ್ತೊಂದು ಮನೆಗಳಿವೆ. ಮೂವತ್ತು ಮನೆಯವರು ಕೇಳುತ್ತಾರೆ. ಒಂದು ಮನೆಯವರು ಹದಿನಾಲ್ಕು ವರ್ಷಗಳಿಂದ ಕೇಳಿಲ್ಲ. ಅದು ಸುನಿಲ್ದಾ ಅವರ ತಂಗಿ ಒಬ್ದುಲಿಯಾ ಅವರ ಮನೆ.

ಹಲಗೆ ಹಿಡಿಯುವ ಹೊಸಬರು ಒಂದು ಪ್ರಶ್ನೆ ಕೇಳುತ್ತಾರೆ. ಗೊರಸು ಆದ ಮೇಲೆ ನೇರವಾಗಿ ಹೊಟ್ಟೆ ಯಾಕೆ? ನಡುವೆ ಮಂಡಿ ಬರಬೇಕಲ್ಲ, ನಿಮ್ಮ ಹಸುವಿಗೆ ಮಂಡಿಯೇ ಇಲ್ಲವೇ ಎಂದು. ಸುನಿಲ್ದಾ ಉತ್ತರ ಕೊಡುವುದಿಲ್ಲ. ನನಗೂ ಅವರು ಮೊದಲ ಎರಡು ಭೇಟಿಯಲ್ಲಿ ಕೊಡಲಿಲ್ಲ. ಮೂರನೆಯ ಸಲ, ಪಾಚಿಯನ್ನು ಬಿಸಿಲಿಗೆ ಹರಡುತ್ತಾ, ನನ್ನ ಕಡೆ ನೋಡದೆ ಹೇಳಿದರು.

ಎರಡು ಸಾವಿರದ ಹತ್ತರ ಫೆಬ್ರವರಿಯ ಭೂಕಂಪದಲ್ಲಿ ಇಲ್ಲಿಯ ನೆಲ ಮೇಲೆದ್ದಿತು. ಕಂಪನ ನಿಂತು, ಕಡಲು ದಡದ ಮೇಲೆ ನುಗ್ಗಿ ಹಿಂದೆ ಹೋದ ಮೇಲೆ ನೋಡಿದರೆ ಬಂಡೆಗಳೆಲ್ಲ ನೀರಿನಿಂದ ಎದೆಮಟ್ಟ ಎತ್ತರಕ್ಕೆ ಬಂದು ನಿಂತಿದ್ದವು. ಅವುಗಳ ಮೇಲಿದ್ದ ಪಾಚಿ, ಚಿಪ್ಪು ಎಲ್ಲ ಬಿಸಿಲಿಗೆ ಸತ್ತು ವಾರದೊಳಗೆ ಬಿಳಿಯಾದವು. ಹಸುಬಂಡೆಯೂ ಎದ್ದು ನಿಂತಿತ್ತು. ಎಲ್ಲರೂ ನೋಡಿದರು, ಎಲ್ಲರೂ ಅದನ್ನೇ ಮಾತಾಡಿದರು. ಕೊಯ್ಯಲು ಪಾಚಿಯಿಲ್ಲ, ದೋಣಿಗಳು ಒಡೆದಿದ್ದವು. ಐದು ವಾರ ಊರು ದಾನದ ಹಿಟ್ಟಿನಲ್ಲಿ ಬದುಕಿತು.

ಏಪ್ರಿಲ್ ಮೊದಲ ವಾರದ ಒಂದು ಬೆಳಿಗ್ಗೆ ಒಬ್ದುಲಿಯಾ ಅವರ ಗಂಡ ನೊಲ್ಬೆರ್ತೊ ಬಂದು ಕಡಲು ಹೇಗೆ ಎದ್ದಿದೆಯೆಂದು ಕೇಳಿದರು. ಕಡಲಲ್ಲಿ ಇನ್ನೂ ದೂರಕ್ಕಿರುವ ಹೊರಬಂಡೆಯಲ್ಲಿ ಉಳಿದಿದ್ದ ಪಾಚಿಯ ಆಸೆ ಅವರಿಗೆ. ಊರಿನಲ್ಲಿ ಮೊದಲು ಹಲಗೆಯ ಮೇಲೆ ನಿಂತವರೂ ಅವರೇ. ಬಾಗಿಲ ಹಲಗೆಯೊಂದನ್ನು ಕೆತ್ತಿ ಮಾಡಿಕೊಂಡಿದ್ದರು, ಅದರ ಮೇಲೆ ಮಲಗಿಯೇ ಹೊರಬಂಡೆಗೆ ಹೋಗಿ ಬರುತ್ತಿದ್ದರು. ಸುನಿಲ್ದಾ ಹಸುಬಂಡೆಯನ್ನು ನೋಡಿದರು. ನೀರು ಮಂಡಿಯವರೆಗೆ ಏರುತ್ತಿತ್ತು.

"ಮಂಡಿ ಅಂದೆ. ಇಪ್ಪತ್ತೊಂದು ವರ್ಷದಿಂದ ಹಾಗೇ ಹೇಳ್ತಿದ್ದೆ. ಮಂಡಿ ಅಂದ್ರೆ ಹೋಗ್ಬಹುದು ಅಂತ. ಹಸು ಎದ್ದು ನಿಂತಿದೆ ಅಂತ ತಲೆಗೆ ಗೊತ್ತಿತ್ತು. ನಾಲಿಗೆಗೆ ಗೊತ್ತಿರ್ಲಿಲ್ಲ."

ಎದ್ದು ನಿಂತ ಬಂಡೆಯ ಮಂಡಿಗೆ ನೀರು ಮುಟ್ಟಿದೆಯೆಂದರೆ ಅದು ಹಳೆಯ ಹೊಟ್ಟೆಗಿಂತ ಮೇಲೆ. ನೊಲ್ಬೆರ್ತೊ ಅಲೆಗಳು ಸುಮ್ಮನಿದ್ದ ಹೊತ್ತಿನಲ್ಲಿ ಹೊರಬಂಡೆ ಮುಟ್ಟಿದರು. ಮುಂದಿನ ಗುಂಪಿನ ಮೂರನೆಯ ಅಲೆ ಅವರನ್ನು ತೆಗೆದುಕೊಂಡು ಹೋಯಿತು. ಮೂರು ದಿನದ ಮೇಲೆ ಉತ್ತರದ ಮರಳಿನಲ್ಲಿ ಸಿಕ್ಕರು. ಆಗ ಅವರ ಮಗಳು ಲಿಕಾನ್‌ಗೆ ಐದು ವರ್ಷ.

ಸುನಿಲ್ದಾ ಏಳು ತಿಂಗಳು ಬಂಡೆಯ ಕಡೆಗೆ ಹೋಗಲಿಲ್ಲ. ಊರಿನವರು ಬೇಲಿಯ ಹತ್ತಿರ ಬಂದು ಕೇಳುತ್ತಲೇ ಇದ್ದರು. ತಪ್ಪು ಒಬ್ಬರದಲ್ಲ, ನಾವೂ ಅದೇ ಬಂಡೆಯನ್ನು ನೋಡಿದ್ದೆವು ಎಂದು ಮುದುಕರು ಹೇಳಿದರು. ನವೆಂಬರಿನಲ್ಲಿ ಒಂದು ದಿನ ಅವರು ಗಾರೆ ಕೆಲಸದವರ ಅಳತೆಪಟ್ಟಿ ಕಡ ತಂದು, ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಈಜಿ ಹೋಗಿ ಹಸುಬಂಡೆಯನ್ನು ಮುಟ್ಟಿದರು. ಸತ್ತ ಚಿಪ್ಪಿನ ಬಿಳಿಯ ಗೆರೆಯಿಂದ ಹೊಸ ಪಾಚಿಯ ಹಸಿರು ಗೆರೆಯವರೆಗೆ ಅಳೆದರು. ಆಮೇಲೆ ಗೊರಸು ಎಲ್ಲಿ, ಹೊಟ್ಟೆ ಎಲ್ಲಿ ಎಂಬುದನ್ನು ಹೊಸದಾಗಿ ಗೊತ್ತುಮಾಡಿದರು. ಮಂಡಿ ಎಂಬ ಮಾತನ್ನು ಬಿಟ್ಟರು. ಅಂದಿನಿಂದ ಬಾಯಿಗೆ ತಂದಿಲ್ಲ. ಇನ್ನೊಂದು ರೂಢಿಯನ್ನೂ ಮಾಡಿಕೊಂಡರು. ಸಂಶಯವಿದ್ದ ದಿನ ಕಣ್ಣನ್ನು ನಂಬದೆ, ಬಂಡೆ ನೀರಿನತ್ತ ಮುಂದೆ ಬಂದಿರುವ ಕೆಳಗಿನ ಚಾಚಿಗೆ ಇಳಿದು, ನೀರು ಏರಿ ಇಳಿದ ಗುರುತನ್ನು ಕೈಯಿಂದ ಮುಟ್ಟಿ ನೋಡುತ್ತಾರೆ.

ಅಕ್ಕತಂಗಿಯರ ನಡುವೆ ಮಾತು ನಿಂತಿದೆ ಎಂದು ಯಾರೂ ತಿಳಿಯಬಾರದು. ಹಾಗೆ ಬರೆದರೆ ತಪ್ಪಾಗುತ್ತದೆ. ಅಕ್ಕ ಜ್ವರದಿಂದ ಮಲಗಿದಾಗ ಒಬ್ದುಲಿಯಾ ಎಂಟು ದಿನ ಸಾರು ಮಾಡಿ ತಂದಿದ್ದಾರೆ. ಸೇಂಟ್ ಜಾನ್ ಹಬ್ಬಕ್ಕೆ ಇಬ್ಬರೂ ಒಂದೇ ಒಲೆಯಲ್ಲಿ ಅಡುಗೆ ಮಾಡುತ್ತಾರೆ. ಆಲೂಗಡ್ಡೆ, ಕೋಳಿ, ಪಕ್ಕದ ಮನೆಯ ಮದುವೆ, ಎಲ್ಲವನ್ನೂ ಮಾತಾಡುತ್ತಾರೆ. ಕಡಲೊಂದನ್ನು ಬಿಟ್ಟು.

ಲಿಕಾನ್‌ಗೆ ಈಗ ಹತ್ತೊಂಬತ್ತು. ತುದಿಯ ಅಲೆಯ ಮೇಲೆ ಅವಳಷ್ಟು ಚೆನ್ನಾಗಿ ನಿಲ್ಲುವವರು ಈ ಭಾಗದಲ್ಲಿ ಇಬ್ಬರೋ ಮೂವರೋ ಇರಬಹುದು. ಅಮ್ಮನಿಗೆ ಅವಳು ಒಂದು ಮಾತು ಕೊಟ್ಟಿದ್ದಾಳೆ. ಅಮ್ಮ ತಲೆಯಾಡಿಸದೆ ನೀರಿಗಿಳಿಯುವುದಿಲ್ಲ. ಆದ್ದರಿಂದ ಒಬ್ದುಲಿಯಾ ಪ್ರತಿ ಬೆಳಿಗ್ಗೆ ಸ್ಮಶಾನದ ಹಿಂದಿನ ದಿಬ್ಬಕ್ಕೆ ಹೋಗಿ, ಅಲ್ಲಿಂದ ತಮ್ಮ ಕಣ್ಣಿನಿಂದಲೇ ಕಡಲು ನೋಡಿ ಬರುತ್ತಾರೆ. ಅದೇ ಸುನಿಲ್ದಾ ಅವರಿಗೆ ದಿಗಿಲು. "ಮೇಲಿಂದ ನೋಡಿದ್ರೆ ಕಡಲು ಯಾವಾಗ್ಲೂ ಒಳ್ಳೇದಾಗೇ ಕಾಣುತ್ತೆ," ಎನ್ನುತ್ತಾರೆ. ಕೇಳದವರಿಗೆ ಹೇಳುವಂತಿಲ್ಲ. ಹಾಗಾಗಿ ಲಿಕಾನ್ ನೀರಿನಲ್ಲಿರುವಷ್ಟು ಹೊತ್ತೂ ಅವರು ಬಂಡೆ ಬಿಟ್ಟು ಏಳುವುದಿಲ್ಲ. ಪಕ್ಕದಲ್ಲಿ ಹಗ್ಗದ ಸುರುಳಿ ಇರುತ್ತದೆ. ಎಷ್ಟೋ ದಿನ ಇಳಿತದ ಹೊತ್ತು ಕಳೆದೇ ಹೋಗುತ್ತದೆ, ಕೊಯ್ಲು ತಪ್ಪುತ್ತದೆ. ಪಾಚಿ ಕೊಳ್ಳುವವನು ಈಚೆಗೆ ನಿಮ್ಮ ಹೊರೆ ಕಡಿಮೆಯಾಗುತ್ತಿದೆ, ವಯಸ್ಸಾಯಿತೇ ಎಂದು ಕೇಳಿದನಂತೆ. ಹೌದು, ಆಯಿತು ಎಂದು ಹೇಳಿ ಕಳಿಸಿದ್ದಾರೆ.

ಏಪ್ರಿಲ್ ಕೊನೆಯ ಶನಿವಾರ ನಾನು ಹೋದಾಗ ಊರಿನಲ್ಲಿ ಮಂಜು ಕವಿದಿತ್ತು. ಅಂಥ ಮಂಜನ್ನು ನಾನು ಇಲ್ಲಿ ಕೆಲವೇ ಸಲ ನೋಡಿದ್ದೇನೆ. ಮೆಟ್ಟಿಲಿಳಿಯುವಾಗ ನಾಲ್ಕು ಮೆಟ್ಟಿಲು ಮುಂದಿನದು ಕಾಣುತ್ತಿರಲಿಲ್ಲ. ದಕ್ಷಿಣದಿಂದ ವರ್ಷದ ಮೊದಲ ದೊಡ್ಡ ಅಲೆಗಳು ಬರುತ್ತಿವೆಯೆಂದು ಮುನ್ಸೂಚನೆ ಎರಡು ದಿನದಿಂದ ಹೇಳುತ್ತಿತ್ತು. ಮೇಲೆ ರಸ್ತೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರುಗಳಿದ್ದವು. ಲಿಕಾನ್ ಕೂಡ ಅಲ್ಲಿದ್ದಳು. ಹಲಗೆಗೆ ಮೇಣ ತಿಕ್ಕಿ ಸಿದ್ಧವಾಗಿದ್ದಳು. ಅವಳು ಅಲೆ ಹಿಡಿಯುವುದನ್ನು ಚಿತ್ರೀಕರಿಸಲು ಇಬ್ಬರು ಗೆಳತಿಯರು ಕ್ಯಾಮೆರಾ ತಂದಿದ್ದರು. ಹೊರಗಿನ ಊರಿನಲ್ಲಿ ತರಬೇತಿಗೆ ಹೆಸರು ಕೊಡಲು ಆ ಚಿತ್ರ ಬೇಕಂತೆ, ಕಳಿಸಲು ನಾಲ್ಕೇ ದಿನ ಉಳಿದಿತ್ತು.

ಗಾಸ್ಪಾರ್ ಕೆಳಗೆ ಬಂದು ತನ್ನ ಸರದಿಯಂತೆ ಕೇಳಿದ. ಸುನಿಲ್ದಾ ಫೋನಿನಲ್ಲಿ ಇಷ್ಟೇ ಹೇಳಿದರು: "ಇನ್ನೂ ಹೇಳಲ್ಲ. ಹಸು ಕಾಣ್ತಿಲ್ಲ. ಕಾಯಿರಿ." ಆಮೇಲೆ ಕಣ್ಣು ಮುಚ್ಚಿಕೊಂಡು ಕುಳಿತರು. ಹಸುಬಂಡೆಯ ಹೊಟ್ಟೆಯ ಕೆಳಗೆ ಒಂದು ಟೊಳ್ಳಿದೆ. ನೀರು ಅಲ್ಲಿಗೆ ನುಗ್ಗಿದರೆ ಮುಚ್ಚಿದ ಕೋಣೆಯಲ್ಲಿ ಚೀಲ ಕೆಡವಿದಂತೆ ಸದ್ದಾಗುತ್ತದೆ. ಅದಕ್ಕಿಂತ ಮೇಲೆ ಏರಿದರೆ ಸದ್ದು ಒಡೆದು ಎರಡಾಗುತ್ತದೆ. ಅವರು ಅದನ್ನು ಕೇಳುತ್ತಿದ್ದರು. ನನಗೆ ಎಲ್ಲವೂ ಒಂದೇ ಅಬ್ಬರವಾಗಿ ಕೇಳುತ್ತಿತ್ತು. ಐದು ಕಲ್ಲು ಮುಗಿದವು. ಹೆಗಲು, ಯಾರೂ ಬೇಡ ಎಂದು ಫೋನಿಗೆ ಹೇಳಿದರು. ಮೇಲೆ ಕಾರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡ ಸದ್ದು ಕೇಳಿಸಿತು. ಕೆಲವರು ಹೊರಟರು, ಕೆಲವರು ಮಂಜು ಬಿಡಲಿ ನೋಡೋಣವೆಂದು ಕುಳಿತರು. ಗಾಸ್ಪಾರ್ ನಮ್ಮ ಜೊತೆ ಕೆಳಗೇ ಉಳಿದ.

ಆಗ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಮಂಜಿನೊಳಗಿಂದ ಬಂದವರು ಒಬ್ದುಲಿಯಾ. ಅವರು ದಿಬ್ಬಕ್ಕೆ ಹೋಗಿದ್ದರು. ಅಲ್ಲಿಂದ ಏನೂ ಕಂಡಿರಲಿಲ್ಲ. ಮೂರು ಹೆಜ್ಜೆ ಹಿಂದೆಯೇ ನಿಂತರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿಯಿತ್ತು.

"ಅಕ್ಕಾ, ರೊಟ್ಟಿ ತಂದಿದೀನಿ."

"ಇಟ್ಬಿಡು. ಕೂತ್ಕೋ, ಒದ್ದೆ ಇದೆ, ಇದರ ಮೇಲೆ ಕೂತ್ಕೋ," ಎಂದು ಸುನಿಲ್ದಾ ಚೀಲವನ್ನು ಮಡಿಚಿ ಹಾಕಿದರು.

ಕೂತರು. ಗಾಸ್ಪಾರ್ ಇಬ್ಬರ ಮುಖ ನೋಡಿ ಜಾಗ ಬಿಟ್ಟು ಸರಿದು ಕುಳಿತ. ಒಬ್ದುಲಿಯಾ ರೊಟ್ಟಿ ಮುರಿದು ನಮಗೆಲ್ಲ ಕೊಟ್ಟರು. ಕೋಳಿಗಳಿಗೆ ಯಾವುದೋ ರೋಗ ಬಂದಿದೆಯೆಂಬ ಮಾತಾಯಿತು. ಕೆಳಗೆ ಒಂದು ಗುಂಪು ಬಂದು ಹೋಯಿತು.

"ಅಕ್ಕಾ," ಎಂದರು ಒಬ್ದುಲಿಯಾ. ಅವರ ಕಣ್ಣು ರೊಟ್ಟಿಯ ಬಟ್ಟೆಯ ಮೇಲಿತ್ತು. "ಕಡಲು ಹೇಗೆ ಎದ್ದಿದೆ?"

ಸುನಿಲ್ದಾ ಅವರಿಗೆ ಉತ್ತರ ಗೊತ್ತಿತ್ತು. ಹತ್ತು ನಿಮಿಷದ ಹಿಂದೆ ನಾನೂರು ಜನರಿಗೆ ಅದನ್ನು ಹೇಳಿದ್ದರು. ಆದರೂ ಅವರು ಕೂಡಲೇ ಹೇಳಲಿಲ್ಲ. ಎದ್ದು, ಹಗ್ಗದ ಒಂದು ತುದಿಯನ್ನು ಕಲ್ಲಿನ ಗೂಟಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಬಿಗಿದುಕೊಂಡರು. ಕೆಳಗಿನ ಚಾಚಿಗೆ ಇಳಿದರು. ನಡುವೆ ಹಗ್ಗವನ್ನು ಹಿಡಿದವರು ಒಬ್ದುಲಿಯಾ. ಯಾರೂ ಅವರಿಗೆ ಹಿಡಿಯಿರೆಂದು ಹೇಳಿರಲಿಲ್ಲ. ಮಂಜಿನಲ್ಲಿ ಸುನಿಲ್ದಾ ಕಾಣದಾದರು. ಹಗ್ಗ ಮಾತ್ರ ಬಿಗಿಯಾಗುತ್ತಿತ್ತು, ಸಡಿಲವಾಗುತ್ತಿತ್ತು. ನಾನು ಗಡಿಯಾರ ನೋಡುತ್ತಿದ್ದೆ. ಮೂವತ್ತೆಂಟು ನಿಮಿಷ. ಅಷ್ಟರಲ್ಲಿ ಐದು ಸಲ ಅಲೆಗಳ ಗುಂಪು ಬಂದು ಹೋಯಿತು. ಪ್ರತಿ ಸಲವೂ ಒಬ್ದುಲಿಯಾ ಅವರ ಬೆರಳ ಗೆಣ್ಣುಗಳು ಬಿಳಿಚಿಕೊಂಡವು.

ಮೇಲೆ ಬಂದಾಗ ಸುನಿಲ್ದಾ ಎದೆಯವರೆಗೆ ತೊಯ್ದಿದ್ದರು. ಮೊಣಕೈ ತರಚಿತ್ತು. ಉಸಿರು ತೆಗೆದುಕೊಂಡು ಹೇಳಿದರು.

"ಹೆಗಲು. ಮೂರನೇ ಗುಂಪಿನಲ್ಲಿ ಹೆಗಲಿನ ಮೇಲೆ. ಎಣಿಕೆ ಹದಿನೇಳು. ಹುಡುಗಿ ಹೋಗಬಾರದು."

"ಮುಟ್ಟಿ ಬಂದ್ಯಾ?"

"ಮುಟ್ಟಿ ಬಂದೆ."

"ಅವತ್ತು ಮುಟ್ಟಿರ್ಲಿಲ್ಲ."

"ಇಲ್ಲ," ಎಂದರು ಸುನಿಲ್ದಾ. "ಅವತ್ತು ಮುಟ್ಟಿರ್ಲಿಲ್ಲ."

ಒಬ್ದುಲಿಯಾ ತಲೆಯಾಡಿಸಿದರು. ಹಗ್ಗವನ್ನು ಸುತ್ತಿಟ್ಟು, ರೊಟ್ಟಿಯ ಬಟ್ಟೆಯನ್ನು ಕೊಡವಿ ಮಡಿಚಿಕೊಂಡು ಮೆಟ್ಟಿಲು ಹತ್ತಿದರು. ನಾನೂ ಹಿಂದೆ ಹೋದೆ. ಲಿಕಾನ್ ಹಲಗೆ ಹಿಡಿದು ನಿಂತಿದ್ದಳು. ಅಮ್ಮ ಬೇಡ ಎಂದಾಗ ಅವಳ ಮುಖ ಕೆಂಪಾಯಿತು. ನಾಲ್ಕು ದಿನದಲ್ಲಿ ಇನ್ನೊಂದು ಇಂಥ ಅಲೆ ಬರುವುದಿಲ್ಲ, ದೊಡ್ಡಮ್ಮನ ಮಾತು ಕೇಳಿದ್ದಕ್ಕೇ ಅಲ್ಲವೇ ಅಪ್ಪ ಹೋದದ್ದು ಎಂದು ಕೇಳಿದಳು. ಗೆಳತಿಯರು ಮುಖ ಬೇರೆ ಕಡೆ ತಿರುಗಿಸಿದರು.

ಒಬ್ದುಲಿಯಾ ದನಿ ಏರಿಸಲಿಲ್ಲ. "ಹೌದು. ಇವತ್ತು ನಾನೇ ಹೋಗಿ ಕೇಳಿದೀನಿ. ಕೇಳಿದ್ಮೇಲೆ ಮುಗೀತು," ಎಂದು ಹಲಗೆಯ ಹಿಂದಿನ ತುದಿಯನ್ನು ತಾವು ಎತ್ತಿಕೊಂಡರು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದ ಲಿಕಾನ್ ಮುಂದಿನ ತುದಿ ಎತ್ತಿದಳು. ಇಬ್ಬರೂ ಮನೆಯ ಕಡೆಗೆ ನಡೆದರು.

ಹನ್ನೊಂದರ ಹೊತ್ತಿಗೆ ಮಂಜು ಬಿಟ್ಟಿತು. ರಸ್ತೆಯಲ್ಲಿ ಉಳಿದಿದ್ದವರೆಲ್ಲ ತುದಿಗೆ ಬಂದು ನಿಂತರು. ಕಡಲು ನುಣ್ಣಗೆ, ಸುಮ್ಮನೆ ಹೊಳೆಯುತ್ತಿತ್ತು. ಇಷ್ಟೇನಾ ಎಂದು ಒಬ್ಬ ಹೊಸಬ ಗೊಣಗಿದ. ಆರು ನಿಮಿಷದ ಮೇಲೆ ಗುಂಪು ಬಂತು. ಹೊರಬಂಡೆಯ ಮೇಲೆ ನೀರು ಮುಚ್ಚಿಕೊಂಡಿತು. ಅಲೆ ಓಡುವ ದಾರಿಯಲ್ಲಿ ಒಂದೊಂದಾಗಿ ಬಂಡೆಗಳು ಬರಿದಾಗಿ ಮತ್ತೆ ಮುಳುಗಿದವು. ಲಿಕಾನ್ ಹಲಗೆಯ ಮೇಲೆ ಅಲೆಗಾಗಿ ಕಾಯುತ್ತಾ ಕೂರಬೇಕಿದ್ದ ಜಾಗವೂ ಬರಿದಾಯಿತು. ಆ ದಿನ ಕಿದೆಲ್ಕೊದಲ್ಲಿ ಯಾರಿಗೂ ಏನೂ ಆಗಲಿಲ್ಲ. ಯಾವ ಪತ್ರಿಕೆಯಲ್ಲೂ ಬರುವಂಥದ್ದು ಅಲ್ಲಿ ನಡೆಯಲಿಲ್ಲ. ಈ ಕರಾವಳಿಯಲ್ಲಿ ಮೂವತ್ತೈದು ವರ್ಷಗಳಲ್ಲಿ ಹಾಗೆ ಏನೂ ಆಗದೆ ಕಳೆದ ದಿನಗಳು ಎಷ್ಟೆಂದು ಎಣಿಸುವ ದಾರಿ ನನಗೆ ಗೊತ್ತಿಲ್ಲ.

ಮಧ್ಯಾಹ್ನ ನಾನು ಹೊರಡುವಾಗ ಸುನಿಲ್ದಾ ಅಂಗಳದಲ್ಲಿ ಒಣಗಿದ ಪಾಚಿಯನ್ನು ಕಟ್ಟುತ್ತಿದ್ದರು. ತರಚಿದ ಮೊಣಕೈಗೆ ಬಟ್ಟೆ ಸುತ್ತಿಕೊಂಡಿದ್ದರು. ತಂಗಿ ಕೇಳಿದಳಲ್ಲ, ಈಗ ಮನಸ್ಸು ಹಗುರವಾಯಿತೇ ಎಂದು ಕೇಳಬೇಕೆನಿಸಿತು. ಆ ಮಾತು ಬೇಡವೆನಿಸಿ, ಇನ್ನು ಮುಂದೆ ಏನು ಬೇಕು ನಿಮಗೆ ಎಂದಷ್ಟೇ ಕೇಳಿದೆ. ಅವರು ಕಟ್ಟನ್ನು ಮಂಡಿಯಿಂದ ಒತ್ತಿ ಹಿಡಿದು, ದಾರವನ್ನು ಹಲ್ಲಿನಿಂದ ಬಿಗಿದು, ಅದನ್ನು ಪಕ್ಕಕ್ಕಿಟ್ಟ ಮೇಲೆ ಮಾತಾಡಿದರು.

"ಇವತ್ತು ಬೇಡ ಅಂದೆ. ಬೇಡ ಅನ್ನೋದು ಕಷ್ಟ ಅಲ್ಲ. ಹೆದರಿದೋರು ಯಾರು ಬೇಕಾದ್ರೂ ಅಂತಾರೆ. ಇನ್ನೊಂದಿನ ಕಡಲು ಒಳ್ಳೇದಾಗಿ ಏಳ್ಬೇಕು. ಅವತ್ತೂ ಒಬ್ದುಲಿಯಾ ಬಂದು ಕೇಳ್ಬೇಕು. ಆಗ ನಾನು ಆ ಹುಡುಗಿಗೆ 'ಹೋಗಿ ಬಾ' ಅನ್ಬೇಕು. ಅವಳು ಹೋಗಿ, ಬರ್ಬೇಕು."